ಬಾಹ್ಯಾಕಾಶಕ್ಕೆ ಲಿಫ್ಟ್: ಹಗ್ಗ ತಡೆದೀತೇ?

ಭೌತಶಾಸ್ತ್ರ ತರಗತಿಯಲ್ಲಿ ಭೂಸ್ಥಿರ ಉಪಗ್ರಹದ ಪಾಠ ಕೇಳುತ್ತಿದ್ದಾಗ ನನಗೊಂದು ಪ್ರಶ್ನೆ ಹುಟ್ಟಿತು. ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿರುವ ಉಪಗ್ರಹ ಭೂಮಿಯ ಜೊತೆಜೊತೆಗೇ ಸುತ್ತುವುದರಿಂದ ನಮಗೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಹಾಗಾದರೆ ಅಲ್ಲಿಂದ ನೆಲಕ್ಕೆ ಹಗ್ಗ ಇಳಿಬಿಟ್ಟು, ಲಿಫ್ಟ್‌ನಲ್ಲಿ ಹತ್ತಿ ಹೋಗಬಾರದೇ?

ಹುಡುಕಿ ನೋಡಿದರೆ ಈ ಯೋಚನೆ ನನಗಿಂತ ಬಹಳ ಹಳೆಯದು. 1895ರಲ್ಲಿ ರಷ್ಯಾದ ಸಿಯೋಲ್ಕೋವ್‌ಸ್ಕಿ ಐಫೆಲ್ ಗೋಪುರದಿಂದ ಪ್ರೇರಣೆ ಪಡೆದು ಆಕಾಶದೆತ್ತರದ ಗೋಪುರವನ್ನು ಕಲ್ಪಿಸಿದರು. 1960ರಲ್ಲಿ ಯೂರಿ ಆರ್ಟ್ಸುಟಾನೊವ್, ಗೋಪುರ ಕಟ್ಟುವ ಬದಲು ಮೇಲಿನಿಂದ ಹಗ್ಗ ಇಳಿಸಬಹುದು ಎಂದರು. ಹಗ್ಗದ ಭಾರಕ್ಕೆ ಉಪಗ್ರಹ ಕೆಳಗೆ ಜಗ್ಗಬಾರದಲ್ಲವೇ? ಅದಕ್ಕಾಗಿ ಹಗ್ಗವನ್ನು ಇನ್ನೂ ಮೇಲಕ್ಕೆ ಚಾಚಿ, ತುದಿಗೆ ಒಂದು ತೂಕ ಕಟ್ಟಬೇಕು. 2012ರಲ್ಲಿ ಜಪಾನಿನ ಒಬಯಾಶಿ ಕಂಪನಿ ಪ್ರಕಟಿಸಿದ ಯೋಜನೆಯಲ್ಲಿ ಹಗ್ಗದ ಉದ್ದ 96,000 ಕಿ.ಮೀ.!

ನಿಜವಾದ ತೊಡಕು ಇರುವುದು ಹಗ್ಗದಲ್ಲೇ. ಬಾವಿಗೆ ಹಗ್ಗ ಬಿಟ್ಟಾಗ ಮೇಲಿನ ತುದಿ ಕೊಡದ ಭಾರದ ಜೊತೆಗೆ ಇಡೀ ಹಗ್ಗದ ಭಾರವನ್ನೂ ಹೊರುತ್ತದೆ. ನಾನೇ ಲೆಕ್ಕ ಹಾಕಿ ನೋಡಿದೆ: 2 ಗಿಗಾಪ್ಯಾಸ್ಕಲ್ ಸೆಳೆತ ತಡೆಯುವ ಗಟ್ಟಿ ಉಕ್ಕಿನ ತಂತಿಯೂ ಸುಮಾರು 26 ಕಿ.ಮೀ. ಉದ್ದವಾದರೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಮೇಲೆ ಹೋದಂತೆ ಗುರುತ್ವ ಕಡಿಮೆಯಾಗುತ್ತದೆ, ನಿಜ. ಅದನ್ನು ಲೆಕ್ಕಕ್ಕೆ ಹಿಡಿದರೂ, ಒಂದೇ ದಪ್ಪದ ಹಗ್ಗವಾದರೆ ನೆಲದ ಗುರುತ್ವದಲ್ಲಿ ಸುಮಾರು 5,000 ಕಿ.ಮೀ. ತೂಗಿದರೂ ಹರಿಯದಷ್ಟು ಬಲ ಬೇಕು. 1991ರಲ್ಲಿ ಸುಮಿಯೊ ಇಜಿಮಾ ಅವರ ಸಂಶೋಧನೆಯಿಂದ ಪ್ರಸಿದ್ಧವಾದ ಕಾರ್ಬನ್ ನ್ಯಾನೊಟ್ಯೂಬ್ ಹಗುರವೂ ಹೌದು, ಅತಿ ಬಲಿಷ್ಠವೂ ಹೌದು. ಆದರೆ 2013ರಲ್ಲಿ ಸುದ್ದಿಯಾದ ಅತಿ ಉದ್ದದ ಎಳೆಯೂ ಸುಮಾರು ಅರ್ಧ ಮೀಟರ್ ಅಷ್ಟೇ.

ಅಪಾಯಗಳೂ ಇವೆ. ಭೂಮಿಯನ್ನು ಸುತ್ತುವ ಪ್ರತಿಯೊಂದು ವಸ್ತುವೂ ಸಮಭಾಜಕದ ಸಮತಲವನ್ನು ದಾಟಲೇಬೇಕು. ಸೆಕೆಂಡಿಗೆ 7 ಕಿ.ಮೀ.ಗೂ ಹೆಚ್ಚು ವೇಗದ ಹಳೆಯ ಉಪಗ್ರಹದ ಚೂರೊಂದು ಹಗ್ಗಕ್ಕೆ ತಾಗಿದರೆ? ತುಂಡಾದ ಜಾಗದಿಂದ ಕೆಳಗಿನ ಭಾಗ ಭೂಮಿಗೆ ಬೀಳುತ್ತದೆ, ಮೇಲಿನದು ದೂರ ಸರಿಯುತ್ತದೆ. ಸಿಡಿಲಿನ ಭಯ ಬೇರೆ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಹೋದರೂ ಭೂಸ್ಥಿರ ಕಕ್ಷೆ ತಲುಪಲು ಏಳೂವರೆ ದಿನ ಬೇಕು. ಪ್ರಯಾಣಿಕರು ದಾರಿಯಲ್ಲಿ ವಿಕಿರಣ ಪಟ್ಟಿಗಳನ್ನು ನಿಧಾನವಾಗಿ ದಾಟಬೇಕಾಗುತ್ತದೆ.

ಇಷ್ಟಾದರೂ ವಿಜ್ಞಾನಿಗಳು ಇದನ್ನು ಏಕೆ ಕೈಬಿಟ್ಟಿಲ್ಲ? ಉಡಾವಣೆಯ ಹೊತ್ತಿಗೆ ರಾಕೆಟ್ಟಿನ ತೂಕದಲ್ಲಿ ಹೆಚ್ಚಿನ ಪಾಲು ಇಂಧನದ್ದೇ. ಲಿಫ್ಟ್ ವಿದ್ಯುತ್ತಿನಿಂದ ಹತ್ತಿದರೆ ಆ ಹೊರೆ ತಪ್ಪಿ, ಉಪಗ್ರಹ ಕಳಿಸುವ ಖರ್ಚು ಬಹಳ ಇಳಿಯಬಹುದು. ಬಡ ದೇಶಗಳಿಗೂ ಬಾಹ್ಯಾಕಾಶ ಕೈಗೆಟುಕೀತು.

ನನ್ನ ಅಭಿಪ್ರಾಯ ಹೀಗಿದೆ: ಲೆಕ್ಕದಲ್ಲಿ ಇದು ಸರಿ, ಆದರೆ ಸಾಮಗ್ರಿ ಇನ್ನೂ ಸಿದ್ಧವಿಲ್ಲ. ಹಗ್ಗದ ಜೊತೆಗೆ ಕಕ್ಷೆಯ ಕಸ ತೆಗೆಯುವ ದಾರಿಯೂ ಸಿಗುವವರೆಗೆ ಯಾರನ್ನೂ ಇದರಲ್ಲಿ ಕೂರಿಸಬಾರದು. ನಮ್ಮಲ್ಲಿ ರಸಾಯನಶಾಸ್ತ್ರವನ್ನು ಬರೀ ಅಂಕಗಳಿಗಾಗಿ ಓದುವವರು ಒಮ್ಮೆ ಯೋಚಿಸಿ. ಈ ಲಿಫ್ಟ್‌ಗಾಗಿ ಮೊದಲು ಗೆಲ್ಲಬೇಕಾದವರು ಅರ್ಧ ಮೀಟರ್ ಎಳೆಯನ್ನು ಉದ್ದ ಮಾಡುವವರು.