ಎಣ್ಣೆ ಕುಡಿದ ನೆಲ

ಕಟ್ಟಡದ ಭಾರವನ್ನು ಕಟ್ಟಕಡೆಗೆ ಹೊರುವುದು ಕಲ್ಲೂ ಅಲ್ಲ, ಕಾಂಕ್ರೀಟೂ ಅಲ್ಲ. ಅವುಗಳ ಅಡಿಯಲ್ಲಿರುವ ಮಣ್ಣು. ಆ ಮಣ್ಣೇ ಎಣ್ಣೆಯನ್ನು ಕುಡಿದರೆ ಏನಾದೀತು?

ಈ ಪ್ರಶ್ನೆಯು ಕುವೈತ್ ದೇಶವನ್ನು 1991ರಲ್ಲಿ ಎದುರಿಸಿತು. ಆ ವರ್ಷ ಇರಾಕಿನ ಸೇನೆಯು ಹಿಮ್ಮೆಟ್ಟುವಾಗ ಅಲ್ಲಿಯ ಆರುನೂರಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟಿತು. ಕೊನೆಯ ಬಾವಿಯ ಉರಿ ಆರಿದುದು ನವೆಂಬರಿನಲ್ಲಿ. ಉರಿಯದೆ ಉಕ್ಕಿದ ಎಣ್ಣೆಯು ಮರುಭೂಮಿಯ ತಗ್ಗುಗಳಲ್ಲಿ ಕೆರೆಗಟ್ಟಿ ನಿಂತು, ಮರಳಿನೊಳಕ್ಕೆ ಇಂಗಿತು. ಅಂಥ ಮರಳಿನ ಮೇಲೆ ಮನೆ, ರಸ್ತೆಗಳನ್ನು ನಿರ್ಮಿಸಬಹುದೇ? ಎಂಜಿನಿಯರುಗಳು ಮರಳಿಗೆ ಕಚ್ಚಾ ಎಣ್ಣೆಯನ್ನು ಬೆರೆಸಿ ಪರೀಕ್ಷಿಸಿದರು. 1995ರಲ್ಲಿ ಪ್ರಕಟವಾದ ಫಲಿತಾಂಶಗಳಂತೆ, ಮರಳಿನ ಬಲವೂ ನೀರನ್ನು ಹರಿಯಗೊಡುವ ಗುಣವೂ ಕುಗ್ಗಿದ್ದುವು. ಭಾರಕ್ಕೆ ಕುಸಿಯುವ ಗುಣ ಹೆಚ್ಚಿತ್ತು.

ಇದರ ಕಾರಣವನ್ನು ಅರಿಯುವುದು ಕಷ್ಟವಲ್ಲ. ಮರಳಿನ ಕಣಗಳಿಗೆ ಅಂಟಿಲ್ಲ. ಅವು ಒಂದನ್ನೊಂದು ತಡೆದು ನಿಲ್ಲುವುದು ಘರ್ಷಣೆಯಿಂದ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ಘರ್ಷಣೆಯನ್ನು ತಗ್ಗಿಸಲೆಂದೇ ಅಲ್ಲವೆ? ಮರಳಿನಲ್ಲಿಯೂ ಎಣ್ಣೆಯು ಅದೇ ಕೆಲಸವನ್ನು ಮಾಡುತ್ತದೆ. ಅಚ್ಚಿಗೆ ಹಿತವಾದುದು ಅಸ್ತಿವಾರಕ್ಕೆ ಅಹಿತ.

ಜೇಡಿಮಣ್ಣಿನ ಬಗೆ ಬೇರೆ. ಅದರ ಕಣಗಳು ಅತಿಸೂಕ್ಷ್ಮವಾದ ಹಲ್ಲೆಗಳು. ಅವುಗಳ ಮುಖಗಳಲ್ಲಿ ಋಣ ವಿದ್ಯುದಾವೇಶವಿರುತ್ತದೆ. ಹಲ್ಲೆಗಳನ್ನು ಸುತ್ತುವರಿದ ನೀರಿನ ಪದರವೇ ಜೇಡಿಗೆ ನಾದಲು ಬರುವ ಗುಣವನ್ನು ಕೊಡುವುದು. ಎರಡು ಆವೇಶಗಳ ನಡುವಣ ಬಲವು ನೀರಿನಲ್ಲಿ ಸುಮಾರು ಎಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಲ್ಲೆಣ್ಣೆಯಲ್ಲಾದರೋ ಅರ್ಧಕ್ಕೆ ಮಾತ್ರ. ಆದುದರಿಂದ ನೀರಿನ ಸ್ಥಾನಕ್ಕೆ ಎಣ್ಣೆ ಬಂದರೆ ಆ ಪದರವು ಕುಗ್ಗಿ, ಹಲ್ಲೆಗಳು ಗುಂಪುಗೂಡುವುವು. ಇದರ ಪರಿಣಾಮ ಜೇಡಿಯ ಜಾತಿಯನ್ನೂ ಎಣ್ಣೆಯ ಪ್ರಮಾಣವನ್ನೂ ಅವಲಂಬಿಸಿರುವುದರಿಂದ, ಪ್ರತಿ ನಿವೇಶನದ ಮಣ್ಣನ್ನೂ ಪ್ರತ್ಯೇಕವಾಗಿ ಪರೀಕ್ಷಿಸಲೇಬೇಕು.

ಇದು ಯುದ್ಧಭೂಮಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ತಿಳಿಯಬಾರದು. ಪೆಟ್ರೋಲ್ ಬಂಕುಗಳಲ್ಲಿ ನೆಲದಡಿ ಹೂತಿರುವ ತೊಟ್ಟಿಗಳು ತುಕ್ಕು ಹಿಡಿದು ಸೋರುವುದುಂಟು. ಅಲ್ಲಿ ಬಲಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರ. ಅದು ಮಣ್ಣಿನ ರಂಧ್ರಗಳ ಮೂಲಕ ಹಬ್ಬಿ ಕಟ್ಟಡದ ನೆಲಮಾಳಿಗೆಯನ್ನು ಸೇರಿದರೆ, ಒಂದು ಕಿಡಿಯೇ ಅನಾಹುತಕ್ಕೆ ಸಾಕು.

ಪರಿಹಾರಗಳಿಲ್ಲದೆ ಇಲ್ಲ. ಕೆಟ್ಟ ಮಣ್ಣನ್ನು ಅಗೆದು ತೆಗೆಯಬಹುದು. ಗಾಳಿ, ತೇವ, ಸಾರಜನಕಗಳನ್ನು ಒದಗಿಸಿದರೆ ಮಣ್ಣಿನ ಬ್ಯಾಕ್ಟೀರಿಯಗಳೇ ಎಣ್ಣೆಯ ಬಹುಭಾಗವನ್ನು ತಿಂದು ಮುಗಿಸುವುವು. ಸಿಮೆಂಟನ್ನೋ ಸುಣ್ಣವನ್ನೋ ಬೆರೆಸಿ ರಸ್ತೆಯ ತಳಕ್ಕೆ ಬಳಸುವುದೂ ಉಂಟು. ಆದರೆ ಎಣ್ಣೆ ಹೆಚ್ಚಿದ್ದರೆ ಅದು ಸಿಮೆಂಟಿನ ಕಣಗಳನ್ನು ಮುಸುಕಿ, ನೀರು ತಾಗದಂತೆ ಮಾಡುವುದರಿಂದ ಮಿಶ್ರಣವು ಚೆನ್ನಾಗಿ ಗಟ್ಟಿಯಾಗದು. ಕುವೈತಿನ ಮರಳು ಕೆಲವು ತಿಂಗಳು ಬಯಲಿಗೆ ತೆರೆದಿದ್ದಾಗ, ಹಗುರವಾದ ಎಣ್ಣೆಗಳು ಆವಿಯಾಗಿ ಹೋಗಿ, ಅದರ ಬಲ ಸ್ವಲ್ಪಮಟ್ಟಿಗೆ ಮರಳಿತೆಂಬುದೂ ಪ್ರಯೋಗಗಳಿಂದ ತಿಳಿದುಬಂದಿದೆ.

ಅಸ್ತಿವಾರವನ್ನು ಹಾಕಿದ ಮೇಲೆ ಅದರ ಕೆಳಗಿನ ಮಣ್ಣನ್ನು ಬದಲಿಸುವುದು ಬಲು ಕಷ್ಟ. ಗುದ್ದಲಿಯೇಟಿಗೆ ಮಣ್ಣಿನಿಂದ ಎಣ್ಣೆಯ ವಾಸನೆ ಬಂದರೆ, ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಮಣ್ಣನ್ನು ಪರೀಕ್ಷೆಗೆ ಕಳುಹಿಸುವುದೇ ವಿವೇಕ.