ಅಮೆರಿಕದ ವ್ಯವಸಾಯದ ಅಂಕಿಗಳನ್ನು ಗಣಕಯಂತ್ರದಿಂದ ತರಿಸುವ ಕ್ರಮ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವ್ಯವಸಾಯದ ಇಲಾಖೆಯವರು 1863ನೆಯ ಇಸವಿಯಿಂದ ಬೆಳೆಗಳ ವರದಿಗಳನ್ನು ಪ್ರಕಟಿಸುತ್ತ ಬಂದಿರುವರು. ಬೆಳೆ, ದನಕರು, ಧಾರಣೆ, ಭೂಮಿ ಮುಂತಾದವುಗಳ ಅಂಕಿಗಳು ಈಗ ‘ಕ್ವಿಕ್ ಸ್ಟಾಟ್ಸ್’ ಎಂಬ ಭಂಡಾರದಲ್ಲಿದ್ದು, ಯಾರು ಬೇಕಾದರೂ ಶುಲ್ಕವಿಲ್ಲದೆ ಪಡೆಯಬಹುದು. ಒಂದೊಂದು ಪಟ್ಟಿಯನ್ನೂ ಕೈಯಿಂದ ಆರಿಸಿಕೊಳ್ಳುವ ಶ್ರಮವನ್ನು ತಪ್ಪಿಸುವುದಕ್ಕೆ, ‘ಆರ್’ ಎಂಬ ಗಣಕಭಾಷೆಯಲ್ಲಿ ‘ಆರ್‌ನ್ಯಾಸ್‌ಕ್ಯೂಎಸ್’ ಎಂಬ ಪ್ಯಾಕೇಜು ಏರ್ಪಟ್ಟಿದೆ.

ಮೊದಲು ‘ಆರ್’ ಭಾಷೆಯನ್ನೂ ಬಳಿಕ ಈ ಪ್ಯಾಕೇಜನ್ನೂ ಯಂತ್ರದಲ್ಲಿ ಸ್ಥಾಪಿಸಿಕೊಳ್ಳತಕ್ಕದ್ದು. ಅನಂತರ ಇಲಾಖೆಗೆ ತಮ್ಮ ಇ-ಮೇಲ್ ವಿಳಾಸವನ್ನು ತಿಳಿಸಿ ಒಂದು ಗುಪ್ತಸಂಕೇತವನ್ನು ಪಡೆಯಬೇಕು. ಈ ಬೀಗದ ಕೈಯಿಲ್ಲದೆ ಭಂಡಾರವು ತೆರೆಯದು. ಇದನ್ನು ಆಜ್ಞೆಗಳ ಕಡತದಲ್ಲಿಯೇ ಬರೆದಿಡುವುದು ಅವಿವೇಕ; ಕಡತವನ್ನು ಮಿತ್ರರಿಗೆ ಕೊಟ್ಟ ದಿನ ಬೀಗದ ಕೈಯನ್ನೂ ಕೊಟ್ಟಂತಾಗುವುದು. ಪ್ರತ್ಯೇಕವಾದ ಕಡತವೊಂದರಲ್ಲಿ ಅದನ್ನಿಟ್ಟು, ಬೇಕಾದಾಗ ಯಂತ್ರವೇ ಓದಿಕೊಳ್ಳುವಂತೆ ಮಾಡುವುದು ಮೇಲು.

ಇನ್ನು ಪ್ರಶ್ನೆಯನ್ನು ಕಳುಹಿಸಬಹುದು. ಅಯೋವಾ ಸಂಸ್ಥಾನದಲ್ಲಿ ಮುಸುಕಿನ ಜೋಳದ ಎಕರೆವಾರು ಇಳುವರಿಯು ಬೇಕಾದರೆ ಬೆಳೆ, ಸಂಸ್ಥಾನ, ವರ್ಷ, ಅಂಕಿಯ ಬಗೆ ಇವುಗಳನ್ನು ಸೂಚಿಸತಕ್ಕದ್ದು. ಒಂದು ಪ್ರಶ್ನೆಗೆ 50,000 ಸಾಲುಗಳಿಗಿಂತ ಹೆಚ್ಚಿಗೆ ದೊರೆಯುವುದಿಲ್ಲವಾದ ಕಾರಣ, ಸಾಲುಗಳ ಸಂಖ್ಯೆಯನ್ನು ಮೊದಲೇ ಕೇಳಿ ತಿಳಿದು, ಮಿತಿಮೀರಿದರೆ ವರ್ಷವರ್ಷಕ್ಕೆ ವಿಂಗಡಿಸಿ ತರಿಸಬೇಕು.

ತರಿಸುವುದೇನೋ ಸುಲಭ; ಮೋಸಹೋಗುವುದು ಕೂಡಿಸುವಾಗ. ದೇಶ, ಸಂಸ್ಥಾನ, ಕೌಂಟಿ ಎಂಬ ಮೂರು ಮಟ್ಟಗಳ ಅಂಕಿಗಳೂ ಒಂದೇ ಭಂಡಾರದಲ್ಲಿರುವುವು. ವಾರ್ಷಿಕ ಅಂದಾಜುಗಳ ಪಕ್ಕದಲ್ಲಿಯೇ, ಐದು ವರ್ಷಗಳಿಗೊಮ್ಮೆ (2017, 2022) ನಡೆದ ವ್ಯವಸಾಯ ಗಣತಿಯ ಅಂಕಿಗಳೂ ಇರುವುವು. ಮಟ್ಟವನ್ನೂ ಮೂಲವನ್ನೂ ನಿರ್ದಿಷ್ಟಪಡಿಸದೆ ಮೊತ್ತ ಹಾಕಿದವನು ಒಂದೇ ಹೊಲದ ಬೆಳೆಯನ್ನು ಎರಡು ಮೂರು ಸಲ ಅಳೆದಂತೆ.

ಇದಕ್ಕಿಂತ ಸೂಕ್ಷ್ಮವಾದುದು ‘ಡಿ’ ಎಂಬ ಗುರುತು. ಕೌಂಟಿಯೊಂದರಲ್ಲಿ ಒಂದೆರಡೇ ಜಮೀನುಗಳಲ್ಲಿ ಆ ಬೆಳೆಯಿದ್ದರೆ, ಅಂಕಿಯನ್ನು ಪ್ರಕಟಿಸುವುದರಿಂದ ಒಬ್ಬ ರೈತನ ವ್ಯವಹಾರವೇ ಬಯಲಾಗಬಹುದು. ಆದುದರಿಂದ ಇಲಾಖೆಯವರು ಅದನ್ನು ಮರೆಮಾಡಿ ಈ ಗುರುತನ್ನು ಹಾಕುವರು. ಪ್ಯಾಕೇಜು ಅಂಕಣವನ್ನು ಸಂಖ್ಯೆಗಳಾಗಿ ಮಾರ್ಪಡಿಸುವಾಗ ಗುರುತು ಅಳಿದು ಬರಿಯ ತೆರವು ಉಳಿಯುವುದು. ಅಲ್ಲಿ ಸೊನ್ನೆಯನ್ನು ತುಂಬಿದರೆ, ಬೆಳೆದಿರುವ ಬೆಳೆಯನ್ನು ಬೆಳೆದಿಲ್ಲವೆಂದು ಬರೆದಂತಾಗುವುದು! ಮಾರ್ಪಡಿಸದಿರುವ ಪ್ರತಿಯೊಂದನ್ನೂ ತರಿಸಿ ಇಟ್ಟುಕೊಂಡರೆ ಯಾವ ತೆರವು ಯಾವುದರಿಂದ ಆದುದೆಂದು ನೋಡಬಹುದು.

ನಮ್ಮ ಇಳುವರಿಯೊಡನೆ ಹೋಲಿಸುವವರು, ಅಲ್ಲಿನ ಒಂದು ಬುಷೆಲ್ ಮುಸುಕಿನ ಜೋಳಕ್ಕೆ 56 ಪೌಂಡು, ಅಂದರೆ ಸುಮಾರು 25.4 ಕಿಲೋಗ್ರಾಂ ಎಂದು ಲೆಕ್ಕ ಹಿಡಿಯಬೇಕು. ಎಕರೆಗೆ 100 ಬುಷೆಲ್ ಎಂದಿದ್ದರೆ ಅದು 25 ಕ್ವಿಂಟಾಲಿಗೆ ತುಸು ಮೇಲು. ಗೋಧಿಯ ಬುಷೆಲಿಗೆ ಈ ಲೆಕ್ಕವು ಸಲ್ಲದು. ಅದಕ್ಕೆ 60 ಪೌಂಡು.