ಡ್ರೋನ್ ಸುರಕ್ಷತೆ: ನೆಲದ ಮೇಲಿನ ಮನುಷ್ಯನನ್ನು ಮರೆಯದಿರೋಣ

‘ಮಾನವರಹಿತ ವಿಮಾನ’ ಎಂಬ ಹೆಸರು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ವಿಮಾನದೊಳಗೆ ಮನುಷ್ಯನಿಲ್ಲ ಎಂಬುದಷ್ಟೇ ನಿಜ. ಅದನ್ನು ಹಾರಿಸುವವನು ನೆಲದ ಮೇಲಿದ್ದಾನೆ. ಅದು ಬಿದ್ದರೆ ಪೆಟ್ಟು ತಿನ್ನುವವನೂ ನೆಲದ ಮೇಲೆಯೇ ಇದ್ದಾನೆ. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಂತಹ ಊರುಗಳ ಹೊಲ, ತೋಟಗಳಿಗೂ ಔಷಧಿ ಸಿಂಪಡಿಸುವ ಡ್ರೋನ್ ಕಾಲಿಡುವ ಕಾಲವಿದು. ಈ ಇಬ್ಬರ ಬಗೆಗೂ ಯೋಚಿಸುವುದು ಅಗತ್ಯ.

2009ರ ನವೆಂಬರ್ 16ರಂದು ಹೊಸೂರಿನ ಬಳಿ ಡಿಆರ್‌ಡಿಒ ಸಂಸ್ಥೆಯ ‘ರುಸ್ತುಂ-1’ ಮೊದಲ ಬಾರಿಗೆ ಹಾರಿತು. ಮೇಲೇರಿದ್ದು ಯೋಜನೆಯಂತೆಯೇ. ಆದರೆ ಎತ್ತರದ ಅಂದಾಜು ತಪ್ಪಿ, ನೆಲದಿಂದ ಹೋದ ಆದೇಶದಂತೆ ಎಂಜಿನ್ ನಿಂತು, ವಿಮಾನ ಪತನಗೊಂಡಿತು. ಯಂತ್ರವು ತನಗೆ ಹೇಳಿದ್ದನ್ನೇ ಮಾಡಿತ್ತು.

ಇದಕ್ಕೆ ಮೂರು ವರ್ಷಗಳ ಮೊದಲು, 2006ರ ಏಪ್ರಿಲ್ 25ರಂದು, ಅಮೆರಿಕದ ಗಡಿ ಕಾಯುತ್ತಿದ್ದ ‘ಪ್ರಿಡೇಟರ್-ಬಿ’ ಅರಿಜೋನಾದ ನೊಗೇಲ್ಸ್ ಬಳಿ ಬಿದ್ದಿತ್ತು. ನಿಯಂತ್ರಣ ಮೇಜು ಸ್ಥಗಿತಗೊಂಡಾಗ ಪೈಲಟ್ ಪಕ್ಕದ ಮೇಜಿಗೆ ನಿಯಂತ್ರಣವನ್ನು ವರ್ಗಾಯಿಸಿದ. ಅಲ್ಲಿ ಅದುವರೆಗೆ ಕ್ಯಾಮೆರಾ ಹೊಂದಿಸಲು ಬಳಕೆಯಾಗುತ್ತಿದ್ದ ಲಿವರ್, ವರ್ಗಾವಣೆಯೊಡನೆ ಎಂಜಿನ್ನಿನ ಇಂಧನದ ಲಿವರ್ ಆಯಿತು. ಅದು ಇಂಧನ ಕಡಿಯುವ ಸ್ಥಾನದಲ್ಲಿತ್ತು. ಬದಲಿಸುವ ಮುನ್ನ ಎರಡೂ ಲಿವರ್‌ಗಳನ್ನು ಹೊಂದಿಸಬೇಕೆಂಬ ಚೆಕ್‌ಲಿಸ್ಟ್ ಪಾಲನೆಯಾಗಿರಲಿಲ್ಲ. ಅಲ್ಲಿನ ತನಿಖಾ ಮಂಡಳಿ ಪೈಲಟ್‌ನ ಲೋಪವನ್ನು ಗುರುತಿಸಿತು. ಆದರೆ ಅಲ್ಲಿಗೇ ನಿಲ್ಲದೆ ವಿನ್ಯಾಸ, ತರಬೇತಿ, ಮೇಲ್ವಿಚಾರಣೆಗಳನ್ನೂ ಪರಿಶೀಲಿಸಿ 22 ಶಿಫಾರಸುಗಳನ್ನು ಮಾಡಿತು.

ನಮ್ಮಲ್ಲಿ ವಿಚಾರಣೆಗಳು ಕೆಳಹಂತದ ಒಬ್ಬ ನೌಕರನ ಹೆಸರು ಸಿಕ್ಕೊಡನೆ ಮುಗಿದುಬಿಡುವುದನ್ನು ಸರ್ಕಾರಿ ಸೇವೆಯಲ್ಲಿ ನಾನು ಸಾಕಷ್ಟು ಕಂಡಿದ್ದೇನೆ. ಕಾಕ್‌ಪಿಟ್‌ನಲ್ಲಿ ಕುಳಿತವನಿಗೆ ಎಂಜಿನ್ನಿನ ಸದ್ದು, ಅದುರು, ಓಲಾಟ ಎಲ್ಲವೂ ಸೂಚನೆಗಳೇ. ನೆಲದಲ್ಲಿರುವವನಿಗೆ ದಕ್ಕುವುದು ಪರದೆಯ ಮೇಲಿನ ಚಿತ್ರ ಮತ್ತು ಅಂಕಿಗಳು ಮಾತ್ರ. ಇಲ್ಲವೇ ದೂರದಲ್ಲಿ ಕಾಣುವ ಒಂದು ಚುಕ್ಕೆ. ಇಂದ್ರಿಯಗಳ ನೆರವಿಲ್ಲದವನಿಗೆ ಗೊಂದಲದ ಗುಂಡಿಗಳನ್ನೂ ಕೊಟ್ಟು, ತಪ್ಪಿದಾಗ ದೂಷಿಸುವುದು ನ್ಯಾಯವಲ್ಲ.

2019ರ ಸೆಪ್ಟೆಂಬರ್‌ನಲ್ಲಿ ಚಳ್ಳಕೆರೆ ತಾಲ್ಲೂಕಿನಲ್ಲೂ, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವಡ್ಡಿಕೆರೆ ಬಳಿಯೂ ಡಿಆರ್‌ಡಿಒದ ಮಾನವರಹಿತ ವಿಮಾನಗಳು ರೈತರ ಜಮೀನಿಗೆ ಬಿದ್ದವು. ಕಾರಣಗಳು ಏನೇ ಇರಲಿ, ಯಾರಿಗೂ ಪ್ರಾಣಾಪಾಯವಾಗದಿದ್ದುದು ಪುಣ್ಯ. ಆದರೆ ಸುರಕ್ಷತೆಯನ್ನು ಪುಣ್ಯದ ಮೇಲೆ ನಿಲ್ಲಿಸಲಾಗದು.

ಸಿಂಪಡಣೆ ಡ್ರೋನ್ ಇವುಗಳ ಮುಂದೆ ಚಿಕ್ಕದು. ಆದರೂ ಹತ್ತು ಲೀಟರಿನ ಟ್ಯಾಂಕ್ ತುಂಬಿದಾಗ ಅದು ಸುಮಾರು 25 ಕಿಲೊ ತೂಗುತ್ತದೆ. ‘ನಮೋ ಡ್ರೋನ್ ದೀದಿ’ ಯೋಜನೆಯಡಿ ಸ್ವಸಹಾಯ ಸಂಘದ ಮಹಿಳೆಗೆ 15 ದಿನಗಳ ತರಬೇತಿ ದೊರೆಯುತ್ತದೆ. ಯೋಜನೆ ಸ್ವಾಗತಾರ್ಹ, ಬೆನ್ನಿಗೆ ಔಷಧಿ ಟ್ಯಾಂಕ್ ಕಟ್ಟಿಕೊಂಡು ವಿಷ ಕುಡಿಯುವ ಗಾಳಿಯಲ್ಲಿ ದುಡಿಯುವ ಕಷ್ಟ ಅದರಿಂದ ತಗ್ಗುತ್ತದೆ. ಆದರೆ ಸಿಂಪಡಣೆಯ ಬಾಡಿಗೆ ಎಕರೆ ಲೆಕ್ಕದಲ್ಲಿ ಸಿಗುತ್ತದೆ. ಬಿಸಿಲಿನಲ್ಲಿ ಕಣ್ಣು ದಣಿದರೂ, ಗಾಳಿ ಎದ್ದರೂ ‘ಇನ್ನೊಂದು ಎಕರೆ’ ಎನಿಸುವುದು ಸಹಜ. ವಿದ್ಯುತ್ ತಂತಿ, ತೆಂಗಿನ ಮರ, ದ್ರಾಕ್ಷಿ ಚಪ್ಪರದಡಿ ದುಡಿಯುತ್ತಿರುವ ಕೂಲಿಯವರು ಕಣ್ತಪ್ಪುವುದು ಇಂತಹ ಹೊತ್ತಿನಲ್ಲೇ. ಲಾಭ ಒಬ್ಬರಿಗೆ, ಅಪಾಯ ಮತ್ತೊಬ್ಬರಿಗೆ ಆದಾಗ ಮಾರುಕಟ್ಟೆ ತಾನಾಗಿ ಎಚ್ಚರ ವಹಿಸುವುದಿಲ್ಲವೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು.

2021ರ ಡ್ರೋನ್ ನಿಯಮಗಳು ವಿಮಾನ ನಿಲ್ದಾಣದ ಸುತ್ತ 12 ಕಿಲೊಮೀಟರ್‌ವರೆಗೆ ನಿರ್ಬಂಧಗಳನ್ನು ವಿಧಿಸಿವೆ. ಅಪಘಾತವಾದರೆ 48 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ಹೇಳಿವೆ. ದೇವನಹಳ್ಳಿಯ ನಿಲ್ದಾಣದ ಸುತ್ತಲಿನ ಊರುಗಳಲ್ಲಿ ಇವೆರಡೂ ಎಲ್ಲರಿಗೂ ತಿಳಿದಿರಬೇಕು. ಅಷ್ಟೇ ಸಾಲದು. ಹಾರಿಸುವವರ ಜೊತೆಗೆ ಸುತ್ತಮುತ್ತ ನೋಡಿಕೊಳ್ಳಲು ಇನ್ನೊಬ್ಬರಿರಬೇಕು. ಸಿಂಪಡಣೆಗೆ ಮುನ್ನ ಅಕ್ಕಪಕ್ಕದ ತೋಟದವರಿಗೆ ತಿಳಿಸಬೇಕು. ಕೂದಲೆಳೆಯಲ್ಲಿ ತಪ್ಪಿದ ಅವಘಡವನ್ನು ಶಿಕ್ಷೆಯ ಭಯವಿಲ್ಲದೆ ಹೇಳಿಕೊಳ್ಳುವ ವ್ಯವಸ್ಥೆ ಜಿಲ್ಲಾ ಮಟ್ಟದಲ್ಲಿರಬೇಕು. ಇಂದು ತಂತಿಗೆ ತಗುಲದೆ ಪಾರಾದ ಡ್ರೋನಿನ ವಿಷಯ ನಾಳೆ ಪಕ್ಕದ ಊರಿನವರಿಗೆ ಗೊತ್ತಾದರೆ ಒಂದು ಜೀವ ಉಳಿದೀತು. ಇದಕ್ಕೆ ತಗಲುವ ವೆಚ್ಚ ಒಂದು ಡ್ರೋನಿನ ಬೆಲೆಗಿಂತ ಹೆಚ್ಚಿನದೇನಲ್ಲ.